ಐವತ್ತು ನಿಮಿಷದ ಅತಿಥಿಗಳು

ಅತಿಥಿ ಅನ್ನೋ ಮಾತನ್ನ ಯಾರು ಯಾರಿಗೆ ಹೇಳಬಹುದು? ಮನೆ ಯಾರದೋ ಅವನು ಹೇಳಬಹುದು. ಹೊಲ, ಮನೆ, ಬಾವಿ, ಬಾಗಿಲು ಇವೆಲ್ಲ ತನ್ನವು ಅಂತ ಪತ್ರ ಇಟ್ಟುಕೊಂಡವನು ಇನ್ನೊಬ್ಬನಿಗೆ 'ಬಾಪ್ಪ, ಕೂತ್ಕೊ' ಅನ್ನಬಲ್ಲ. 'ಹೊತ್ತಾಯ್ತು, ಇನ್ನು ಹೊರಡು' ಅಂತ ಅನ್ನೋನೂ ಅವನೇ. ಈ ಒಂದು ಮಾತನ್ನು ಹಿಡಿದುಕೊಂಡು ನಾವು ಕೆಲವರು ಗೆಳೆಯರು ಅಮೆರಿಕದ ಹಳೆಯ ಟೆಲಿವಿಷನ್ ಧಾರಾವಾಹಿಗಳನ್ನು ನೋಡಿದೆವು. ಕುದುರೆ, ಬಂದೂಕು, ದನದ ಮಂದೆ, ಅಗಲ ಟೋಪಿಗಳ 'ವೆಸ್ಟರ್ನ್' ಧಾರಾವಾಹಿಗಳು. ಅವುಗಳಲ್ಲಿ ವಾರಕ್ಕೊಬ್ಬ 'ಗೆಸ್ಟ್ ಸ್ಟಾರ್' ಬರುತ್ತಾನೆ. ನಮ್ಮ ಸಿನಿಮಾದ ಪಟ್ಟಿಯಲ್ಲಿ 'ಅತಿಥಿ ನಟ' ಅಂತ ಹಾಕುತ್ತಾರಲ್ಲ, ಆ ಜಾತಿ. ಈ ಅತಿಥಿ ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೋದ ಅಂತ ಕೇಳುವುದಷ್ಟೇ ಈ ಬರಹದ ಕೆಲಸ.

ಕೌಬಾಯ್ ಕತೆ ಕಟ್ಟಿಕೊಂಡು ನಮಗೇನಾಗಬೇಕು ಅಂತ ಕೇಳಬೇಡಿ. ಅರವತ್ತು ವರ್ಷದ ಹಿಂದೆ ಅಮೆರಿಕದ ನಡುಮನೆಗಳಿಗೆ ಬಂದ ಆ ಕಂತುಗಳು ಇವತ್ತು ಮೊಬೈಲಿನ ಅಂಗೈಯಗಲ ಪರದೆಯಲ್ಲೇ ಸಿಗುತ್ತವೆ. ಇಂಗ್ಲಿಷ್ ಮಾತು ಅರ್ಧ ತಿಳಿಯುತ್ತೆ, ಅರ್ಧ ತಿಳಿಯೋದಿಲ್ಲ. ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆವು. ಕುದುರೆಯ ಓಟ, ಗುಂಡಿನ ಸದ್ದು ಎರಡು ದಿನಕ್ಕೇ ಸಾಕಾಯಿತು. ಸಾಕೆನಿಸದೆ ಉಳಿದದ್ದು ಮೊದಲಲ್ಲಿ, ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿ. ಯಾರ ಹೆಸರು ಮೊದಲು, ಯಾರದು ಕೊನೆಗೆ, ಯಾರದು ಇಲ್ಲವೇ ಇಲ್ಲ. ಪಂಕ್ತಿ ನೋಡುತ್ತ ಬೆಳೆದವರಿಗೆ ಇಂಥ ಪಟ್ಟಿ ಓದೋದನ್ನ ಯಾರೂ ಕಲಿಸಬೇಕಾಗಿಲ್ಲ.

ಮೊದಲು ಈ ಯಂತ್ರ ಹೇಗೆ ನಡೀತಿತ್ತು ನೋಡೋಣ. 'ಗನ್‌ಸ್ಮೋಕ್' 1955 ರಿಂದ 1975 ರವರೆಗೆ 635 ಕಂತು ನಡೆಯಿತು. 'ಬೊನಾನ್ಜಾ' 1959 ರಿಂದ 1973 ರವರೆಗೆ 431 ಕಂತು. ಇವುಗಳ ಜೊತೆಗೆ 'ರಾಹೈಡ್', 'ರೈಫಲ್‌ಮನ್', 'ವ್ಯಾಗನ್ ಟ್ರೇನ್' ಹೀಗೆ ಹಲವಾರು. ಪ್ರತಿಯೊಂದರಲ್ಲೂ ಮೂರೋ ನಾಲ್ಕೋ ಕಾಯಂ ಜನ. ಅವರು ಮನೆಯವರು. ಮನೆಯವರು ಸಾಯೋ ಹಾಗಿಲ್ಲ, ಬದಲಾಗೋ ಹಾಗಿಲ್ಲ. ಮುಂದಿನ ವಾರ ಅದೇ ಮನೆ, ಅದೇ ಅಪ್ಪ, ಅದೇ ಮಕ್ಕಳು ಇರಬೇಕು. ಹಾಗಾದರೆ ಕತೆ ಯಾರಿಗೆ ಆಗಬೇಕು? ಹೊರಗಿನಿಂದ ಬಂದವನಿಗೆ ಆಗಬೇಕು. ಕಷ್ಟ ಅವನದು, ಪಾಪ ಅವನದು, ಸಾವೂ ಅವನದು. ಐವತ್ತು ನಿಮಿಷದಲ್ಲಿ ಅವನು ಬಂದು, ಅತ್ತು, ಹೊಡೆದಾಡಿ, ಒಂದೋ ಸತ್ತುಹೋಗಬೇಕು, ಇಲ್ಲ ಊರು ಬಿಟ್ಟು ಹೋಗಬೇಕು. ಮನೆಯ ಅಂಗಳ ಗುಡಿಸಿ ಮತ್ತೆ ಚೊಕ್ಕಟ ಮಾಡಿ ಇಡಬೇಕು.

'ವ್ಯಾಗನ್ ಟ್ರೇನ್'ನಲ್ಲಂತೂ ಬಹುತೇಕ ಕಂತಿನ ಹೆಸರೇ ಅತಿಥಿಯ ಹೆಸರು. ಇಂತಿಂಥವನ ಕತೆ, ಇಂತಿಂಥವಳ ಕತೆ. 1957 ರ ಮೊದಲ ಕಂತಿಗೆ ಅರ್ನೆಸ್ಟ್ ಬೋರ್ಗ್ನೈನ್ ಬಂದಿದ್ದ. ಆಮೇಲೆ ಬೆಟ್ಟಿ ಡೇವಿಸ್‌ಳಂಥ ದೊಡ್ಡ ನಟಿಯರೂ ಬಂದರು. ಹೆಣ್ಣು ಅತಿಥಿಯ ಪಾಡು ಇನ್ನೂ ಕಷ್ಟದ್ದು. 'ಬೊನಾನ್ಜಾ'ದ ಕಾರ್ಟ್‌ರೈಟ್ ಮನೆಯ ಅಪ್ಪನಿಗೆ ಮೂವರು ಹೆಂಡಿರು, ಮೂವರೂ ಕತೆಗೆ ಮೊದಲೇ ಸತ್ತವರು. ಮಕ್ಕಳನ್ನು ಪ್ರೀತಿಸಿ ಬಂದ ಹುಡುಗಿಯರು ಕಂತು ಮುಗಿಯೋದರೊಳಗೆ ಸಾಯುತ್ತಾರೆ, ಇಲ್ಲವೇ ಗಾಡಿ ಹತ್ತುತ್ತಾರೆ. ನೋಡುಗರೇ ಇದಕ್ಕೆ ಕಾರ್ಟ್‌ರೈಟ್ ಮನೆಯ ಶಾಪ ಅಂತ ಹೆಸರಿಟ್ಟು ನಕ್ಕರು. ಶಾಪವೂ ಅಲ್ಲ ಎಂಥದೂ ಅಲ್ಲ. ಸೊಸೆ ಬಂದರೆ ಮನೆ ಬದಲಾಗುತ್ತೆ, ಮನೆ ಬದಲಾದರೆ ವ್ಯಾಪಾರ ಕೆಡುತ್ತೆ. ಅಷ್ಟೇ.

ಅತಿಥಿ ನಟನಿಗೆ ಕೂಲಿ ಕಂತಿನ ಲೆಕ್ಕ. ಈ ವಾರ ಇಲ್ಲಿ ಕಳ್ಳ, ಮುಂದಿನ ವಾರ ಇನ್ನೊಂದು ಸ್ಟುಡಿಯೋದಲ್ಲಿ ಪಾದ್ರಿ. ಒಂದೇ ಕಂತನ್ನು ಮತ್ತೆ ಮತ್ತೆ ಹಾಕಿ ಕಂಪನಿ ದುಡ್ಡು ಮಾಡಿಕೊಂಡರೂ ನಟನಿಗೆ ಅದರ ಪಾಲು ಕೆಲವೇ ಸಲದ ಮರುಪ್ರಸಾರಕ್ಕೆ ಸೀಮಿತವಾಗಿತ್ತು. ಎಷ್ಟು ಸಲ ಹಾಕಿದರೂ ಪಾಲು ಕೊಡಬೇಕು ಅನ್ನೋ ಒಪ್ಪಂದವನ್ನು ನಟರ ಸಂಘ ಪಡೆದುಕೊಂಡದ್ದು 1974 ರಲ್ಲಿ. ಆ ಹೊತ್ತಿಗೆ 'ಬೊನಾನ್ಜಾ' ಮುಗಿದೇ ಹೋಗಿತ್ತು.

*

ಇನ್ನು ಈ ಮನೆ ಯಾರದು ಅನ್ನೋ ಮಾತಿಗೆ ಬರೋಣ.

'ಬೊನಾನ್ಜಾ' ಶುರುವಾಗೋದು ಒಂದು ನಕ್ಷೆಯಿಂದ. ಪಾಂಡೆರೋಸಾ ಎಂಬ ಜಮೀನಿನ ನಕ್ಷೆ. ಅದರ ನಡುವೆ ಬೆಂಕಿ ಹೊತ್ತಿ ಕಾಗದ ಸುಟ್ಟು ತೂತಾಗುತ್ತದೆ. ಆ ತೂತಿನೊಳಗಿಂದ ಅಪ್ಪ ಮಕ್ಕಳು ಕುದುರೆ ಮೇಲೆ ಬರುತ್ತಾರೆ. ಕತೆಯ ಪ್ರಕಾರ ಇವರ ಜಮೀನು ಸುಮಾರು ಸಾವಿರ ಚದರ ಮೈಲಿ. ಲೆಕ್ಕ ಹಾಕಿ ನೋಡಿ, ನಮ್ಮ ಕಡೆಯ ಎರಡು ಮೂರು ತಾಲ್ಲೂಕು ಒಬ್ಬ ಧಣಿಯ ಕೈಯಲ್ಲಿ! ಜಾಗ ನೆವಾಡದ ಟಾಹೋ ಸರೋವರದ ದಂಡೆ. ಆ ಸರೋವರ ವಾಶೋ ಎಂಬ ಮೂಲನಿವಾಸಿಗಳದು. ಟಾಹೋ ಅನ್ನೋ ಹೆಸರೇ ಅವರ ಭಾಷೆಯಿಂದ ಬಂದದ್ದು. ನೀರಿಗೆ ಹೆಸರಿಟ್ಟವರು ವಾಶೋ ಜನ, ದಂಡೆಯ ಒಡೆಯರು ಕಾರ್ಟ್‌ರೈಟ್ ಜನ. ಮುನ್ನೂರು ನಾನೂರು ಕಂತು ನೋಡಿದರೂ ಈ ಭೂಮಿ ಇವರಿಗೆ ಹೇಗೆ ಬಂತು ಅನ್ನೋದು ಕತೆಗೆ ಮುಖ್ಯ ಆಗೋದಿಲ್ಲ. ಭೂಮಿಯನ್ನು ಕದಿಯಲು ಬರುವವನೇ ಪ್ರತಿ ಸಲ ಕಳ್ಳ. ಮೊದಲ ಕಳವು ಯಾವುದು ಅಂತ ಮಾತ್ರ ಯಾರೂ ಕೇಳಬಾರದು.

ಆ ಸೀಮೆಯಲ್ಲಿ 1860 ರಲ್ಲಿ ನಿಜವಾಗಿಯೂ ಯುದ್ಧ ನಡೆಯಿತು. ಇಬ್ಬರು ಪೈಯೂಟ್ ಹುಡುಗಿಯರನ್ನು ಬಿಳಿಯರು ಹೊತ್ತೊಯ್ದದ್ದೇ ಅದಕ್ಕೆ ಕಿಡಿ. 'ಬೊನಾನ್ಜಾ' ಮೊದಲ ವರ್ಷವೇ, 1959 ರ ಅಕ್ಟೋಬರಿನಲ್ಲಿ, ಈ ಯುದ್ಧವನ್ನು ಒಂದು ಕಂತು ಮಾಡಿತು. ಪೈಯೂಟರ ಮುಖಂಡ ವಿನ್ನೆಮುಕ್ಕನ ಪಾತ್ರಕ್ಕೆ ಅತಿಥಿಯಾಗಿ ಬಂದವನು ಆಂಥನಿ ಕರೂಸೊ, ಇಟಲಿ ಮೂಲದವನು. 1961 ರ ಇನ್ನೊಂದು ಕಂತಿನಲ್ಲಿ ಅಪಾಚೆಗಳ ನಾಯಕ ಕೋಚೀಸನಾಗಿ ಬಂದವನು ಜೆಫ್ ಮಾರೋ, ಅವನೂ ಬಿಳಿಯನೇ. ಮುಖಕ್ಕೆ ಕಂದು ಬಣ್ಣ, ತಲೆಗೆ ಉದ್ದ ಕೂದಲಿನ ಟೋಪನ್ನು, ಬಾಯಿಗೆ ಮುರುಕು ಇಂಗ್ಲಿಷ್.

ನೋಡಿ ಹೇಗಿದೆ! ಮನೆಯ ಮೂಲದವನನ್ನು ಹೊರಗೆ ಹಾಕಿ, ಅವನನ್ನು ಅತಿಥಿ ಮಾಡಿದರು. ಅತಿಥಿಯ ಚಾಪೆಯನ್ನಾದರೂ ಅವನಿಗೆ ಬಿಟ್ಟರೇ? ಅಲ್ಲೂ ತಮ್ಮವನನ್ನೇ ಬಣ್ಣ ಬಳಿದು ಕೂರಿಸಿದರು. ನಿಜವಾದ ಇಂಡಿಯನ್ನನಿಗೆ ಸಿಕ್ಕಿದ್ದು ಹಿಂದೆ ಗುಂಪಿನಲ್ಲಿ ನಿಂತು ಕುದುರೆಯಿಂದ ಬೀಳುವ ಕೆಲಸ.

ಐರನ್ ಐಸ್ ಕೋಡಿ ಅಂತ ಒಬ್ಬ ನಟನಿದ್ದ. ಹಲವಾರು ವೆಸ್ಟರ್ನ್‌ಗಳಲ್ಲಿ ಇಂಡಿಯನ್. 1971 ರಲ್ಲಿ ಬಂದ ಒಂದು ಜಾಹೀರಾತಿನಲ್ಲಿ ನದಿಯ ಕೊಳೆ ಕಂಡು ಕಣ್ಣೀರು ಹಾಕಿ ದೇಶವನ್ನೇ ಅಳಿಸಿದ. ಕೊನೆಗೆ 1996 ರಲ್ಲಿ ಪತ್ರಿಕೆಯವರು ಹುಡುಕಿ ತೆಗೆದರು: ಅವನ ಅಪ್ಪ ಅಮ್ಮ ಇಬ್ಬರೂ ಸಿಸಿಲಿಯಿಂದ ಬಂದವರು. ಇಂಡಿಯನ್ನರ ಕಣ್ಣೀರು ಕೂಡ ಬಾಡಿಗೆಯದು!

ಇನ್ನೊಂದು ಬದಿಗೆ ಜೇ ಸಿಲ್ವರ್‌ಹೀಲ್ಸ್. ಕೆನಡಾದ ಆರು ಬುಡಕಟ್ಟುಗಳ ಮೀಸಲು ನೆಲದಲ್ಲಿ ಹುಟ್ಟಿದ ಮೊಹಾಕ್. 'ಲೋನ್ ರೇಂಜರ್'ನಲ್ಲಿ ಬಿಳಿ ನಾಯಕನ ನೆರಳಾಗಿ ಟೋಂಟೋ ಎಂಬ ಪಾತ್ರ ಮಾಡಿದ. ಮನೆಯಲ್ಲಿ ನೆಟ್ಟಗೆ ಇಂಗ್ಲಿಷ್ ಮಾತಾಡುವ ಮನುಷ್ಯ ಪರದೆಯ ಮೇಲೆ ತೊದಲಬೇಕಾಯಿತು. ಆ ಧಾರಾವಾಹಿ 1957 ರಲ್ಲಿ ಮುಗಿದ ಮೇಲೆ ಬೇರೆ ಬೇರೆ ವೆಸ್ಟರ್ನ್‌ಗಳಲ್ಲಿ ಅತಿಥಿಯಾಗಿ ತಿರುಗಿದ. ತಿರುಗಿ ಬೇಸತ್ತವನು 1966 ರಲ್ಲಿ ಲಾಸ್ ಏಂಜಲೀಸಿನಲ್ಲಿ ಇಂಡಿಯನ್ ನಟರಿಗಾಗಿಯೇ ಒಂದು ಅಭಿನಯ ಶಾಲೆ ಕಟ್ಟಲು ಕೈಹಾಕಿದ. ನಮ್ಮ ಪಾತ್ರಕ್ಕೆ ನಮ್ಮ ಹುಡುಗರು ಸಿಗೋದಿಲ್ಲ ಅಂತೀರಲ್ಲ, ತಗೊಳ್ಳಿ, ನಾವೇ ತಯಾರು ಮಾಡ್ತೀವಿ ಅನ್ನೋ ಕೆಲಸ ಅದು. ಎಲ್ಲ ಚಳವಳಿಯೂ ಇಂಥ ಒಂದು ಸಣ್ಣ ಕೋಣೆಯಿಂದಲೇ ಶುರುವಾಗೋದು.

*

ಈಗ ಅಡುಗೆಮನೆಗೆ ಬನ್ನಿ. ಪಾಂಡೆರೋಸಾ ಮನೆಯಲ್ಲಿ ಹಾಪ್ ಸಿಂಗ್ ಎಂಬ ಚೀನೀ ಅಡುಗೆಯವನಿದ್ದಾನೆ. ಅಪ್ಪ ಮಕ್ಕಳು ಉಣ್ಣುವ ಅನ್ನವೆಲ್ಲ ಅವನ ಕೈಯದು. ಹದಿನಾಲ್ಕು ವರ್ಷ ಧಾರಾವಾಹಿ ನಡೆದ ಅಷ್ಟೂ ಕಾಲ ಅವನಿದ್ದ. ಪಾತ್ರ ಮಾಡಿದವನು ವಿಕ್ಟರ್ ಸೆನ್ ಯಂಗ್. ಆದರೆ ಶುರುವಿನಲ್ಲಿ ಕುದುರೆ ಮೇಲೆ ಬರುವವರ ಸಾಲಿನಲ್ಲಿ ಅವನಿಲ್ಲ. 431 ಕಂತಿನಲ್ಲಿ ಅವನು ಕಾಣಿಸಿಕೊಂಡದ್ದು ನೂರು ಚಿಲ್ಲರೆ ಕಂತಿನಲ್ಲಿ. ಬಂದ ಕಂತಿಗೆ ಮಾತ್ರ ಕೂಲಿ. ಮನೆಯೊಳಗೇ ಇರುವ ಅತಿಥಿ ಅಂದರೆ ಇವನು. ಅಡುಗೆ ಆಗಿರುತ್ತೆ, ಮೇಜಿನ ಮೇಲೆ ಬಂದಿರುತ್ತೆ. ಮಾಡಿದವನು ಇವತ್ತು ಪರದೆಗೆ ಬರಬೇಕಾಗಿಲ್ಲ. ಅವನ ಕೈಯ ಅಡುಗೆ ಸಾಕು, ಅವನು ಬೇಡ.

ವಿಕ್ಟರ್ ಸೆನ್ ಯಂಗ್ ಹುಟ್ಟಿದ್ದು 1915 ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಿಕ್ಕಂದಿನಲ್ಲೇ ತಾಯಿ ಜ್ವರದ ಮಾರಿಗೆ ಬಲಿಯಾದಳು. ಅಪ್ಪ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟು ಚೀನಾಕ್ಕೆ ಹೋದ. ಹುಡುಗ ಮನೆಗೆಲಸ ಮಾಡಿಕೊಂಡೇ ಓದಿ ಬರ್ಕ್ಲಿ ವಿಶ್ವವಿದ್ಯಾಲಯದವರೆಗೂ ಹೋದ. 1938 ರಿಂದ ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಸಿನಿಮಾಗಳಲ್ಲಿ ಮಗನ ಪಾತ್ರ ಸಿಕ್ಕಿತು. ಅಲ್ಲಿ ಅಪ್ಪನ ಪಾತ್ರ ಮಾಡಿದವನು ಸಿಡ್ನಿ ಟೋಲರ್ ಎಂಬ ಬಿಳಿಯ. ಮಗ ಚೀನೀ, ಅಪ್ಪ ಬಣ್ಣ ಬಳಿದ ಬಿಳಿಯ! ಯಜಮಾನಿಕೆಯ ಕುರ್ಚಿಗೆ ಬಂದರೆ ಚೀನೀಯನ ಪಾತ್ರವೂ ಚೀನೀಯನಿಗಿಲ್ಲ.

1972 ರ ಜನವರಿಯಲ್ಲಿ ಬಂದ ಒಂದು ಕಂತು ಪೂರಾ ಹಾಪ್ ಸಿಂಗನದು. ಬೆಟ್ಟದ ಕಡೆ ಒಬ್ಬನೇ ಹೋದವನು ಒಬ್ಬ ಬಿಳಿ ಹೆಣ್ಣನ್ನು ಕಂಡು ಪ್ರೀತಿಸುತ್ತಾನೆ. ಅವಳೂ ಒಪ್ಪುತ್ತಾಳೆ. ಆದರೆ ಕಾನೂನು ಒಪ್ಪೋದಿಲ್ಲ. ಬಿಳಿಯರು ಚೀನೀಯರನ್ನು ಮದುವೆ ಆಗಕೂಡದು. ಇಬ್ಬರೂ ಅಗಲುತ್ತಾರೆ, ಹಾಪ್ ಸಿಂಗ್ ಅಡುಗೆಮನೆಗೆ ವಾಪಸ್ಸು ಬರುತ್ತಾನೆ. ಇದು ಕತೆಗಾರ ಕಟ್ಟಿದ ಕಾನೂನಲ್ಲ. ನೆವಾಡದಲ್ಲಿ 1861 ರಲ್ಲಿ ಹುಟ್ಟಿದ ಈ ಕಾನೂನನ್ನು ತೆಗೆದುಹಾಕಿದ್ದು 1959 ರಲ್ಲಿ, 'ಬೊನಾನ್ಜಾ' ಶುರುವಾದ ವರ್ಷವೇ. ಅದರ ನೆನಪು ಪರದೆಗೆ ಬರಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ಹದಿಮೂರು ವರ್ಷ ಅಡುಗೆ ಮಾಡಿದ ಮೇಲೆ ಅಡುಗೆಯವನಿಗೂ ಒಂದು ಎದೆ ಇದೆ ಅಂತ ಮನೆಯವರಿಗೆ ತಿಳಿಯಿತು ಅನ್ನೋಣ.

ಧಾರಾವಾಹಿ ಮುಗಿದ ಮೇಲೆ ವಿಕ್ಟರ್ 1974 ರಲ್ಲಿ ಚೀನೀ ಅಡುಗೆಯ ಪುಸ್ತಕ ಬರೆದ. 1980 ರಲ್ಲಿ ಮನೆಯಲ್ಲೇ ಅನಿಲ ಸೋರಿ ತೀರಿಕೊಂಡ. ಅವನ ಅಂತ್ಯಕ್ರಿಯೆಯಲ್ಲಿ ನಿಂತು ಮಾತಾಡಿದವನು ಪರ್ನೆಲ್ ರಾಬರ್ಟ್ಸ್. ಹಿರಿಮಗನ ಪಾತ್ರ ಮಾಡುತ್ತಿದ್ದ, ಜಗಳವಾಡಿ 1965 ರಲ್ಲಿ 'ಬೊನಾನ್ಜಾ' ಬಿಟ್ಟುಹೋದ ನಟ. ಅದೇ ವರ್ಷ ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ಹೊರಟ ಕಪ್ಪು ಜನರ ಮೆರವಣಿಗೆಯಲ್ಲೂ ಅವನು ನಡೆದಿದ್ದ. ಮನೆ ಬಿಟ್ಟವನೇ ಅಡುಗೆಯವನಿಗೆ ನೆಂಟನಾದ.

ಈ ಹಾಪ್ ಸಿಂಗನ ಹತ್ತಿರ ನಾವು ಬಹಳ ಹೊತ್ತು ನಿಂತೆವು. ಕಾರಣ ಇದೆ. ನಮ್ಮಲ್ಲಿ ಇಬ್ಬರು ಅತಿಥಿ ಶಿಕ್ಷಕರು, ಒಬ್ಬರು ಅತಿಥಿ ಉಪನ್ಯಾಸಕರು. ಸರ್ಕಾರಿ ಕಾಗದದಲ್ಲಿ ನಮ್ಮ ಹೆಸರೇ ಅದು, ಅತಿಥಿ. ಕೊಡೋದಕ್ಕೆ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. ಗೌರವ ಎಷ್ಟು, ಧನ ಎಷ್ಟು ಅಂತ ಓದುಗರಿಗೆ ಗೊತ್ತು. ಜೂನಿನಲ್ಲಿ ಕರೀತಾರೆ, ಬೇಸಿಗೆಗೆ ಕೈಬಿಡ್ತಾರೆ. ಕಾಯಂ ಮೇಷ್ಟ್ರು ವರ್ಗವಾಗಿ ಬಂದರೆ ನಡುವರ್ಷದಲ್ಲೂ ಚೀಲ ಕಟ್ಟಬೇಕು. ನಮ್ಮ ಶಾಲೆಯಲ್ಲಿ ಗೋಡೆಯ ಹಲಗೆ ಮೇಲೆ ಕಾಯಂ ಮೇಷ್ಟರ ಹೆಸರೆಲ್ಲ ಬಣ್ಣದಲ್ಲಿ ಬರೆದಿದೆ. ಆರು ವರ್ಷ ಅಲ್ಲೇ ಪಾಠ ಮಾಡಿದ ನಮ್ಮ ಗೆಳತಿಯ ಹೆಸರು ಸೀಮೆಸುಣ್ಣದಲ್ಲೂ ಇಲ್ಲ. ಮಕ್ಕಳು ಮಾತ್ರ ಅವಳನ್ನೇ 'ನಮ್ಮ ಮಿಸ್ಸು' ಅಂತಾರೆ. ಹಾಪ್ ಸಿಂಗನ ಪಾತ್ರ ನೋಡಿ ಅವಳು ಅಂದದ್ದು ಇಷ್ಟೇ: 'ಇವ್ನೂ ನಮ್ ಥರಾನೇ ಕಣ್ರೋ, ಪೀರಿಯಡ್ ಲೆಕ್ಕ.'

ನಮ್ಮ ಕಷ್ಟ ದೊಡ್ಡದು ಅಂತ ಇಲ್ಲಿ ಹೇಳಿಕೊಳ್ಳುತ್ತಿಲ್ಲ. ಆ ನೆಲದ ಜನ ಅನುಭವಿಸಿದ ನೆತ್ತರಿನ ಮುಂದೆ ನಮ್ಮದು ಯಾವ ಲೆಕ್ಕ? ಆದರೆ ಅತಿಥಿ ಅನ್ನೋ ಮಾತಿನ ಒಳಗೆ ಏನಿದೆ ಅಂತ ಹೊರಗಿನಿಂದ ನೋಡಿದವರಿಗಿಂತ ಒಂದು ಗುಕ್ಕು ಹೆಚ್ಚು ನಮಗೆ ಗೊತ್ತು.

*

ಕಪ್ಪು ಜನರ ಕತೆ ಇನ್ನೊಂದು. ನಿಜವಾದ ಪಶ್ಚಿಮದಲ್ಲಿ ದನ ಕಾದವರಲ್ಲಿ ನಾಲ್ವರಿಗೊಬ್ಬ ಕರಿಯನಿದ್ದ ಅಂತ ಇತಿಹಾಸಕಾರರ ಅಂದಾಜು. ಜೀತದಿಂದ ಬಿಡುಗಡೆಯಾದವರು ಕುದುರೆ ಹತ್ತಿ ಹೋದರು. ಪರದೆಯ ಪಶ್ಚಿಮದಲ್ಲಿ ಅವರ ಸುಳಿವೇ ಇಲ್ಲ. ವೆಸ್ಟರ್ನ್ ಧಾರಾವಾಹಿಯ ಕಾಯಂ ತಂಡದಲ್ಲಿ ಒಬ್ಬ ಕಪ್ಪು ನಟ ಬಂದದ್ದು 1965 ರಲ್ಲಿ: 'ರಾಹೈಡ್'ನ ಕೊನೆಯ ವರ್ಷಕ್ಕೆ ರೇಮಂಡ್ ಸೇಂಟ್ ಜಾಕ್ವೆಸ್. ಅಲ್ಲಿಯವರೆಗೆ ಬಂದವರೆಲ್ಲ ಅತಿಥಿಗಳೇ.

ಬಂದವರು ಸುಮ್ಮನೆ ಬಂದು ಹೋಗಲಿಲ್ಲ ಅನ್ನೋದು ಮುಖ್ಯ. 1961 ರ ಮೊದಲ ದಿನ 'ರಾಹೈಡ್'ನಲ್ಲಿ ವುಡಿ ಸ್ಟ್ರೋಡ್ ಕಪ್ಪು ಪಡೆಯ ಸೈನಿಕನಾಗಿ ಬಂದ. ಅಮೆರಿಕದ ಸೈನ್ಯದಲ್ಲಿ ಕರಿಯರ ಕುದುರೆ ಪಡೆಯೂ ಇತ್ತು ಅನ್ನೋದನ್ನ ಅನೇಕ ಮನೆಗಳು ಕಂಡದ್ದು ಅಂಥ ಕಂತುಗಳಲ್ಲೇ. 1962 ರಲ್ಲಿ 'ರೈಫಲ್‌ಮನ್'ನಲ್ಲಿ ಸ್ಯಾಮಿ ಡೇವಿಸ್ ಜೂನಿಯರ್ ಬಂದೂಕಿನ ವೇಗಕ್ಕೆ ಹೆಸರಾದವನ ಪಾತ್ರ ಮಾಡಿದ. ಆ ಕಂತಿನಲ್ಲಿ ಅವನ ಬಣ್ಣದ ಮಾತೇ ಬರೋದಿಲ್ಲ. ಸೊಂಟದಿಂದ ಪಿಸ್ತೂಲು ಬರೋ ವೇಗ ನೋಡಿದರೆ ಊರಿಗೆ ಊರೇ ಬೆವರುತ್ತದೆ. ಬಣ್ಣದ ಮಾತು ಎತ್ತದೆ ಇದ್ದದ್ದು ಒಳ್ಳೆಯದೋ ಕೆಟ್ಟದ್ದೋ ಅಂತ ನಮ್ಮಲ್ಲೇ ಜಗಳ ಆಯಿತು. ಒಬ್ಬ ಅಂದ: ಮನುಷ್ಯನನ್ನು ಮನುಷ್ಯ ಅಂತ ತೋರಿಸಿದ್ದಾರೆ, ಸಾಕಲ್ಲ. ಇನ್ನೊಬ್ಬ ಅಂದ: ಹೆಸರು ಕೇಳಿದ ಕೂಡಲೆ ಕೇರಿ ಕೇಳೋ ಊರಿನಲ್ಲಿ, ಕೇರಿಯೇ ಇಲ್ಲ ಅನ್ನೋ ಕತೆ ಯಾರಿಗೆ ಅನುಕೂಲ? ಜಗಳ ಇನ್ನೂ ಮುಗಿದಿಲ್ಲ.

ಇನ್ನು 1964. ಆ ವರ್ಷವನ್ನು ನಿಧಾನವಾಗಿ ನೋಡಬೇಕು.

ವರ್ಷದ ಆರಂಭದಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಒಂದು ದೊಡ್ಡ ವಸ್ತು ಪ್ರದರ್ಶನ. 'ಬೊನಾನ್ಜಾ'ದ ಮೂವರು ನಟರು, ಲಾರ್ನ್ ಗ್ರೀನ್, ಡ್ಯಾನ್ ಬ್ಲಾಕರ್, ಮೈಕೇಲ್ ಲ್ಯಾಂಡನ್, ಅಲ್ಲಿಗೆ ಬರಬೇಕಾಗಿತ್ತು. ಅಲ್ಲಿ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಅನ್ನೋ ಪದ್ಧತಿ. ಜಾಕ್ಸನ್ ಪಕ್ಕದಲ್ಲೇ ಟೂಗಲೂ ಎಂಬ ಕಪ್ಪು ಜನರ ಕಾಲೇಜು. ಅಲ್ಲಿನ ವಿದ್ಯಾರ್ಥಿಗಳು, ಹೋರಾಟಗಾರರು ಒಂದು ಉಪಾಯ ಮಾಡಿದರು. ಊರಿಗೆ ಬರುವ ಕಲಾವಿದರಿಗೆಲ್ಲ ಪತ್ರ ಬರೆದರು. ನೀವು ಹಾಡುವ, ಆಡುವ ಜಾಗದಲ್ಲಿ ನಮ್ಮನ್ನು ಜೊತೆಗೆ ಕೂರಿಸೋದಿಲ್ಲ, ಇದು ನಿಮಗೆ ತಿಳಿದಿರಲಿ, ಬರಬೇಡಿ ಅಂತ. ಪತ್ರ ಕೆಲಸ ಮಾಡಿತು. ಮೂವರೂ ಬರೋದಿಲ್ಲ ಅಂದುಬಿಟ್ಟರು. ಬಿಳಿಯರ ಸಂಘಗಳಿಗೆ ಬೆಂಕಿ ಬಿದ್ದಂತಾಯಿತು. 'ಬೊನಾನ್ಜಾ' ನೋಡಲೇಬೇಡಿ ಅಂತ ಬಹಿಷ್ಕಾರದ ಕರೆ ಕೊಟ್ಟವು. ಆಗ ದೇಶದಲ್ಲೇ ಅತಿ ಹೆಚ್ಚು ಜನ ನೋಡುತ್ತಿದ್ದ ಕಾರ್ಯಕ್ರಮಗಳಲ್ಲಿ ಅದು ಒಂದು.

ಇದಾದ ಮೇಲೆ, ಏಪ್ರಿಲ್ 26 ರಂದು, ಒಂದು ಕಂತು ಬಂತು. ಅತಿಥಿ ವಿಲಿಯಂ ಮಾರ್ಷಲ್. ಆರೂವರೆ ಅಡಿಗೆ ಹತ್ತಿರದ ಎತ್ತರ, ಗುಡುಗಿನ ಕಂಠ, ರಂಗದ ಮೇಲೆ ಒಥೆಲೋ ಆಗಿ ಹೆಸರಾದವನು. ಪಾತ್ರ ಥಾಮಸ್ ಬವರ್ಸ್ ಎಂಬ ಒಪೆರಾ ಗಾಯಕನದು. ಗಾಯಕ ಬರುತ್ತಾನೆ ಅಂತ ವರ್ಜೀನಿಯಾ ಸಿಟಿಯ ದೊಡ್ಡಮನೆಯವರು ಕಾದು ಕೂತಿದ್ದಾರೆ. ಗಾಡಿಯಿಂದ ಇಳಿದವನು ಕರಿಯ! ಹೋಟೆಲಿನಲ್ಲಿ ಕೋಣೆ ಇಲ್ಲ. ಊಟಕ್ಕೆ ಜಾಗ ಇಲ್ಲ. ಕೊನೆಗೆ ಓಡಿಬಂದ ಜೀತದಾಳು ಇರಬೇಕು ಅಂತ ಸೆರೆಮನೆಗೇ ಹಾಕುತ್ತಾರೆ. ಅವನ ಪರ ನಿಲ್ಲುವವನು ಹಾಸ್ ಎಂಬ ನಡುವಿನ ಮಗ, ಆ ಪಾತ್ರದ ನಟ ಡ್ಯಾನ್ ಬ್ಲಾಕರ್. ಜಾಕ್ಸನ್‌ಗೆ ಹೋಗಲಾರೆ ಅಂದವರಲ್ಲಿ ಒಬ್ಬ.

ಈ ಕಂತು ಹೊರಗೆ ಬರೋದೇ ಕಷ್ಟವಾಗಿತ್ತು. ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಿದ್ದ ಜನರಲ್ ಮೋಟರ್ಸ್ ಕಾರು ಕಂಪನಿ ದಕ್ಷಿಣದ ಗಿರಾಕಿಗಳಿಗೆ ಹೆದರಿ ಹಿಂದೆ ಸರಿಯುವ ಮಾತಾಡಿತು. ಕಪ್ಪು ಜನರ ಹಕ್ಕಿಗಾಗಿ 1909 ರಿಂದ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಪ್ರತಿಭಟಿಸಿತು. ಕಂಪನಿ ಬಾಲ ಮುದುರಿಕೊಂಡಿತು, ಕಂತು ಪ್ರಸಾರವಾಯಿತು. ಆ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದ ಡು ಬಾಯ್ಸ್ ಅವರಿಗೇ ನಮ್ಮ ಬಾಬಾಸಾಹೇಬರು 1946 ರಲ್ಲಿ ಪತ್ರ ಬರೆದಿದ್ದರು ಅನ್ನೋದನ್ನ ಇಲ್ಲಿ ನೆನೆಯಬೇಕು. ಕಂತು ಬಂದ ಆ ಏಪ್ರಿಲಿನಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ದಕ್ಷಿಣದ ಸೆನೆಟರುಗಳು ದಿನಗಟ್ಟಲೆ ಭಾಷಣ ಬಿಗಿಯುತ್ತ ಕೂತಿದ್ದರು. ಜುಲೈ 2 ರಂದು ಅದು ಕಾನೂನಾಯಿತು. ಹೋಟೆಲಿನಲ್ಲಿ ಬಣ್ಣ ನೋಡಿ ಕೋಣೆ ಇಲ್ಲ ಅನ್ನೋದು ಕಾನೂನಿಗೆ ವಿರುದ್ಧವಾಯಿತು.

ಇನ್ನೊಂದು ಮಾತಿದೆ. ಥಾಮಸ್ ಬವರ್ಸ್ ಕತೆಗಾರನ ಕಲ್ಪನೆಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾದಲ್ಲಿ ಬದುಕಿದ್ದ ಕಪ್ಪು ಗಾಯಕ. ಒಮ್ಮೆ ಕೆನಡಾದ ಹ್ಯಾಮಿಲ್ಟನ್ ಊರಿನ ಕಛೇರಿಯಲ್ಲಿ ಮುಂದಿನ ಸಾಲಿಗೆ ಟಿಕೆಟ್ಟು ಕೊಂಡ ಕಪ್ಪು ಜನರನ್ನು ಅಲ್ಲಿ ಕೂರಿಸಲಿಲ್ಲ. ಅವರನ್ನು ಕೂರಿಸುವ ತನಕ ನಾನು ಹಾಡೋದಿಲ್ಲ ಅಂತ ಬವರ್ಸ್ ಹಟ ಹಿಡಿದ. ಸುಮಾರು ನೂರು ವರ್ಷದ ಆಮೇಲೆ ಟೂಗಲೂ ಕಾಲೇಜಿನ ಹುಡುಗರು ಕಲಾವಿದರಿಗೆ ಬರೆದ ಪತ್ರದಲ್ಲೂ ಇದೇ ಮಾತು. ಕರೆಸಿಕೊಂಡ ಅತಿಥಿ ಕೂಡ 'ಆಗೋದಿಲ್ಲ' ಅನ್ನಬಲ್ಲ. ಅವನ ಕೈಯಲ್ಲಿರೋ ದೊಡ್ಡ ಆಯುಧ ಅದೇ.

ಹಾಗಂತ ಈ ಕಂತನ್ನು ಹೊತ್ತು ಮೆರೆಸಬೇಕಾಗಿಲ್ಲ. ಕೊನೆಗೂ ಬವರ್ಸ್‌ನನ್ನು ಕಾಪಾಡೋದು ಧಣಿಯ ಮಗನೇ. ಮುಂದಿನ ವಾರ ಊರು ಮತ್ತೆ ಮೊದಲಿನ ಹಾಗೇ ಬೆಳ್ಳಗೆ. ಅನ್ಯಾಯ ಅನ್ನೋದು ಎಲ್ಲೋ ಹೊರಗಿನ ಕೆಟ್ಟ ಜನರ ಕೆಲಸ, ನಮ್ಮ ಕಾರ್ಟ್‌ರೈಟ್ ಮನೆ ಮಾತ್ರ ಒಳ್ಳೆಯದು. ಒಳ್ಳೆಯ ಧಣಿಯ ಕತೆ ಕೇಳಿ ಕೇಳಿ ನಮಗೂ ರೂಢಿ. ಒಳ್ಳೆಯ ಧಣಿಯೂ ಭೂಮಿ ಬಿಡೋದಿಲ್ಲ.

*

ಬಾಗಿಲು ಒಮ್ಮೆ ಸಡಿಲವಾದ ಮೇಲೆ ಬಂದವರು ಬಲವಾಗಿಯೇ ಬಂದರು. 1965 ರಲ್ಲಿ ಮಾಲ್ಕಂ ಎಕ್ಸ್ ಶವದ ಮುಂದೆ ನಿಂತು ಮಾತಾಡಿದ ಆಸಿ ಡೇವಿಸ್, 1969 ರಲ್ಲಿ 'ಬೊನಾನ್ಜಾ'ಗೆ ಅತಿಥಿಯಾಗಿ ಬಂದ. ಬರ ಒಂದು ಕಡೆ, ಬಿಳಿಯರ ಹಗೆ ಇನ್ನೊಂದು ಕಡೆ, ನಡುವೆ ಸಿಕ್ಕಿದ ಕಪ್ಪು ರೈತ. ಅದೇ ವರ್ಷ 'ಗನ್‌ಸ್ಮೋಕ್'ನಲ್ಲಿ ಬ್ರಾಕ್ ಪೀಟರ್ಸ್, ವಯಸ್ಸಾದ ರೆಕ್ಸ್ ಇಂಗ್ರಾಂ. ಜೀತ ಕಳಚಿ ಹೊರಟ ಒಂದು ಗುಂಪು, ಗಾಯಗೊಂಡ ಬಿಳಿ ಮಾರ್ಷಲನನ್ನು ಬಚ್ಚಿಟ್ಟು ಕಾಪಾಡುವ ಕತೆ. ಇಲ್ಲಿ ಆಶ್ರಯ ಕೊಡುವವರು ಕರಿಯರು. ಒಂದು ಕಂತಿನ ಮಟ್ಟಿಗಾದರೂ ಬಿಳಿ ನಾಯಕನೇ ಅತಿಥಿ.

1970 ರಲ್ಲಿ ಅದೇ 'ಗನ್‌ಸ್ಮೋಕ್'ಗೆ ಯಾಫೆಟ್ ಕೊಟೊ, ಸಿಸಿಲಿ ಟೈಸನ್ ಬಂದರು. ಕೊಟೊನ ಪಾತ್ರ ಒಬ್ಬ ಬಡ ಕರಿಯನದು. ಗಾಡಿಗಳ ಒಂದು ತಂಡ ಸತ್ತುಬಿದ್ದಿದೆ, ಉಳಿದವನು ಇವನೊಬ್ಬ. ಇಂಡಿಯನ್ನರು ಕೊಂದರು ಅಂತ ಸುಳ್ಳು ಹೇಳುತ್ತಾನೆ. ಊರು ಅವನನ್ನು ಹೊತ್ತು ಮೆರೆಸುತ್ತೆ. ಏನೂ ತಪ್ಪು ಮಾಡದ ಇಂಡಿಯನ್ನರ ಕೊರಳಿಗೆ ಹಗ್ಗ ಹತ್ತಿರವಾಗುತ್ತೆ. ಈ ಕಂತು ನೋಡಿ ನಾವು ಬಹಳ ಹೊತ್ತು ಮಾತಾಡಲಿಲ್ಲ. ತುಳಿಸಿಕೊಂಡವನಿಗೆ ಉಳ್ಳವರ ಜಗುಲಿಯಲ್ಲಿ ಒಂದು ಗಳಿಗೆ ಕೂರುವ ಜಾಗ ಸಿಗಬೇಕಾದರೆ, ಇನ್ನೊಬ್ಬ ತುಳಿಸಿಕೊಂಡವನ ಮೇಲೆ ಬೆರಳು ತೋರಿಸಬೇಕು. ಈ ಆಟ ಎಲ್ಲಿಲ್ಲ? ಒಂದು ಕೇರಿಯವರನ್ನು ಇನ್ನೊಂದು ಕೇರಿಯ ಮೇಲೆ ಎತ್ತಿಕಟ್ಟಿ, ನಡುವೆ ಊರಿನವರು ಬೀಡಿ ಸೇದುತ್ತ ಕೂರುವುದನ್ನು ನಾವು ಕಂಡಿಲ್ಲವೇ?

1973 ರ ಜನವರಿ 16 ರಂದು 'ಬೊನಾನ್ಜಾ'ದ ಕೊನೆಯ ಕಂತು ಬಂತು. ಸರಿಯಾಗಿ ಆರು ವಾರಕ್ಕೆ, ಫೆಬ್ರವರಿ 27 ರಂದು, ದಕ್ಷಿಣ ಡಕೋಟಾದ ವೂಂಡೆಡ್ ನೀ ಎಂಬ ಹಳ್ಳಿಯನ್ನು ಲಕೋಟಾ ಜನ, ಅಮೆರಿಕನ್ ಇಂಡಿಯನ್ ಚಳವಳಿಯವರು ಸೇರಿ ವಶಕ್ಕೆ ತಗೊಂಡರು. 1890 ರಲ್ಲಿ ಅವರ ಹಿರಿಯರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಸೈನ್ಯ ಕೊಂದ ಜಾಗವೇ ಅದು. 71 ದಿನ ಹಿಡಿದು ಕೂತರು. ಸುತ್ತ ಪೊಲೀಸರ ಬಂದೂಕು. ಟೆಲಿವಿಷನ್ ಕ್ಯಾಮರಾಗಳೂ ಅಲ್ಲಿಗೆ ಓಡಿದವು. ಪರದೆಯ ಮೇಲೆ ಈಗ ಬಣ್ಣ ಬಳಿದ ಮುಖವಿಲ್ಲ, ಟೋಪನ್ನಿಲ್ಲ. ಅಲ್ಲಿ ಕೂತವರು ಯಾರ ಅತಿಥಿಗಳೂ ಆಗಿರಲಿಲ್ಲ.

ಆ ಮೇಲೆ ಕಾಲ ಒಂದಿಷ್ಟು ತಿರುಗಿದೆ. 2022 ರಲ್ಲಿ ಶುರುವಾದ 'ಡಾರ್ಕ್ ವಿಂಡ್ಸ್'ನಲ್ಲಿ ನವಾಹೋ ಪೊಲೀಸ್ ಅಧಿಕಾರಿಯಾಗಿ ಮುಖ್ಯ ಪಾತ್ರ ಮಾಡಿದವನು ಲಕೋಟಾ ಮೂಲದ ಝಾನ್ ಮೆಕ್ಲಾರ್ನನ್. ಜೀತದಲ್ಲಿ ಹುಟ್ಟಿ ಪಶ್ಚಿಮದ ಹೆಸರಾಂತ ಮಾರ್ಷಲ್ ಆದ ಬಾಸ್ ರೀವ್ಸ್ ಎಂಬ ಕಪ್ಪು ಮನುಷ್ಯನ ಬದುಕು 2023 ರಲ್ಲಿ ಧಾರಾವಾಹಿಯಾಯಿತು. ರೀವ್ಸ್ ಸತ್ತದ್ದು 1910 ರಲ್ಲಿ. ಹೊಸಿಲು ದಾಟಿ ನಡುಮನೆಗೆ ಬರಲು ಸತ್ತ ಮೇಲೂ ನೂರ ಹದಿಮೂರು ವರ್ಷ ನಡೆಯಬೇಕಾಯಿತು.

ಯಾರೂ ಬಾಗಿಲು ತೆರೆದು ಒಳಗೆ ಕರೆಯಲಿಲ್ಲ ಅನ್ನೋದನ್ನ ಮರೆಯಬಾರದು. ಟೂಗಲೂ ಕಾಲೇಜಿನ ಹುಡುಗರು ಪತ್ರ ಬರೆದರು. ಎನ್‌ಎಎಸಿಪಿ ಕಂಪನಿಯ ಬಾಗಿಲಿಗೆ ಹೋಗಿ ಕೇಳಿತು. ಸಿಲ್ವರ್‌ಹೀಲ್ಸ್ ಶಾಲೆ ಕಟ್ಟಿದ. ನಟರ ಸಂಘ ಮರುಪ್ರಸಾರದ ಪಾಲು ಕಿತ್ತುಕೊಂಡಿತು. ಪರದೆಯ ಮೇಲಿನ ಆ ಐವತ್ತು ನಿಮಿಷದ ಹಿಂದೆ ಪರದೆಗೆ ಬಾರದ ಇಷ್ಟು ಜನ ಇದ್ದಾರೆ.

'ಬೊನಾನ್ಜಾ'ದವರು ಇಟಲಿ ಮೂಲದ ನಟನಿಂದ ಆಡಿಸಿದರಲ್ಲ, ಆ ವಿನ್ನೆಮುಕ್ಕನಿಗೆ ಸಾರಾ ಅಂತ ಒಬ್ಬ ಮಗಳಿದ್ದಳು. 1883 ರಲ್ಲಿ ತನ್ನ ಪೈಯೂಟ್ ಜನರ ಕತೆಯನ್ನ, ಅವರಿಗಾದ ಮೋಸವನ್ನ ಇಂಗ್ಲಿಷಿನಲ್ಲೇ ಪುಸ್ತಕ ಬರೆದು ಅಚ್ಚು ಹಾಕಿಸಿದಳು. ಟೆಲಿವಿಷನ್ನಿನವರಿಗೆ ಬೇಕಾಗಿದ್ದರೆ ಅದು ಕೈಗೆ ಎಟುಕುವ ಹಾಗೇ ಇತ್ತು. ಬೇಕಾಗಿರಲಿಲ್ಲ.

ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೇ, ಒಂದು ಕೆಲಸ ಮಾಡಿ. ಮಕ್ಕಳು ಈಗ ಎಲ್ಲ ದೇಶದ ಕತೆಯನ್ನೂ ಅಂಗೈಯಲ್ಲೇ ನೋಡುತ್ತಾರೆ. ನೋಡಬೇಡ ಅನ್ನೋದರಿಂದ ಏನೂ ಆಗೋದಿಲ್ಲ. ನೋಡಿ ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ಈ ಹೊಲ ಮೊದಲು ಯಾರದಾಗಿತ್ತು? ಅಡುಗೆ ಮಾಡಿದವರು ಯಾರು? ಕೊನೆಗೆ ಊರು ಬಿಟ್ಟು ಹೋದವರು ಯಾರು? ಅವರ ಹೆಸರು ಪಟ್ಟಿಯಲ್ಲಿ ಎಲ್ಲಿದೆ? ಉತ್ತರ ಅವರೇ ಹುಡುಕಲಿ. ಹುಡುಕುವ ಮಕ್ಕಳನ್ನು ಯಾರ ಮನೆಯಲ್ಲೂ ಬಹಳ ದಿನ ಅತಿಥಿಯಾಗಿ ಕೂರಿಸಲು ಆಗೋದಿಲ್ಲ.